ಕಾಲಿನಿಂದ ಶುರುವಾಗುವ ಸಿಂಗಾರ

ಕಳೆದ ಶುಕ್ರವಾರ ಸಂಜೆ ಸೌದಿಯ ದಮ್ಮಾಮಿನ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಒಬ್ಬ ಮದುಮಗಳು ನನ್ನೊಂದಿಗೆ ಕೆಳಗಿಳಿದಳು. ಐದನೆಯ ಮಹಡಿಯ ಹೈದರಾಬಾದಿನವರ ಮಗಳು. ಕಡುಗೆಂಪು ಲೆಹೆಂಗಾ, ತಲೆಯ ಮೇಲೆ ಜರಿಯ ಭಾರದ ದುಪಟ್ಟಾ, ಕತ್ತು ಆಚೀಚೆ ತಿರುಗಿಸಲಾರದಷ್ಟು ಒಡವೆ. ಮೂರನೆಯ ಮಹಡಿ ದಾಟುವಾಗ ಅವಳ ಬಲಗಾಲಿನ ಚಪ್ಪಲಿಯ ಬಕಲ್ ಬಿಚ್ಚಿಕೊಂಡಿತು. ಬಗ್ಗಲು ನೋಡಿದಳು, ಆಗಲಿಲ್ಲ. ಅವಳ ತಾಯಿಯ ಎರಡೂ ಕೈಗಳಲ್ಲಿ ಚೀಲಗಳಿದ್ದವು. ನಾನೇ ಕುಕ್ಕುರುಗಾಲಿನಲ್ಲಿ ಕೂತು ಬಕಲ್ ಹಾಕಿಕೊಟ್ಟೆ. ಅವಳಿಗೆ ಅಲಂಕಾರ ಮಾಡಿದವರು ಕಾಲನ್ನು ಕೊನೆಗೆ ಇಟ್ಟುಕೊಂಡಿದ್ದರು, ಅವಸರದಲ್ಲಿ ಕೊಂಡಿಯನ್ನು ಸರಿಯಾಗಿ ಸಿಕ್ಕಿಸಿರಲಿಲ್ಲ. ತಾಯಿ ಎರಡೆರಡು ಸಲ ಶುಕ್ರಿಯಾ ಹೇಳಿದರು. ನಾನು ಮಾತ್ರ ತಲೆಯೆತ್ತಲಿಲ್ಲ. ಮೇಲಿನ ಟೀಚರಿಗೆ ಮಂಡಿನೋವು ಎಂದು ಅವರು ಅಂದುಕೊಂಡಿರಬೇಕು. ಮಂಡಿನೋವು ಇರುವುದು ನಿಜವೇ. ಆದರೆ ಅಂದು ಸುಡುತ್ತಿದ್ದದ್ದು ಮಂಡಿಯಲ್ಲ, ಮುಖ.

ಸಿಂಗಾರ ಕಾಲಿನಿಂದ ಶುರುವಾಗಬೇಕು ಎನ್ನುವುದನ್ನು ನಾನು ಜುಲೈಖಾ ಆಪಾ ಅವರಿಂದ ಕಲಿತೆ. ಕಲಿತು ಏನು ಮಾಡಿದೆ ಎನ್ನುವುದನ್ನು ಇದುವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಗಂಡನಿಗೆ ಮುಕ್ಕಾಲು ಹೇಳಿದ್ದೇನೆ. ಉಳಿದ ಕಾಲು ಭಾಗವೇ ಮುಖ್ಯವಾದದ್ದು. ನಿಮಗೆ ಹೇಳುತ್ತೇನೆ. ಆದರೆ ಮೊದಲು ನನ್ನ ಪಿಎಚ್‌.ಡಿ. ಹುಚ್ಚಿನ ಬಗ್ಗೆ ನಾಲ್ಕು ಮಾತು ಕೇಳಿಸಿಕೊಳ್ಳಬೇಕು. ಬೇರೆಯವರ ಪಿಎಚ್‌.ಡಿ. ಕಥೆ ಕೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು, ಆದಷ್ಟು ಚಿಕ್ಕದು ಮಾಡುತ್ತೇನೆ.

ಗಂಡನ ಕೆಲಸದ ಬೆನ್ನು ಹಿಡಿದು ಕುಂದಾಪುರದಿಂದ ಇಲ್ಲಿಗೆ ಬಂದವಳು ನಾನು. ಬಂದ ವರ್ಷವೇ ಇಲ್ಲಿನ ಒಂದು ಭಾರತೀಯ ಶಾಲೆಯ ಹೆಣ್ಣುಮಕ್ಕಳ ವಿಭಾಗದಲ್ಲಿ ಇಂಗ್ಲಿಷ್ ಕಲಿಸಲು ಸೇರಿದೆ. ಸೇರಿ ಏಳೆಂಟು ವರ್ಷವಾದ ಮೇಲೆ, ಹೆಸರಿನ ಹಿಂದೆ 'ಡಾಕ್ಟರ್' ಎಂದು ಬರೆದುಕೊಳ್ಳುವ ಆಸೆ ಹುಟ್ಟಿತು. ವಿಷಯ ಹುಡುಕುತ್ತಿದ್ದಾಗ ಹಳೆಯ ಎಂ.ಎ. ನೋಟ್ಸಿನಲ್ಲಿ ಸಿಕ್ಕಿದ್ದು ಮಧ್ಯಯುಗದ ಇಂಗ್ಲಿಷಿನ ಕೆಲವು ಪದಗಳು. ಆರೇಳು ನೂರು ವರ್ಷಗಳ ಹಿಂದಿನ ಆ ಇಂಗ್ಲಿಷಿನಲ್ಲಿ ಯೋಧನಿಗೆ ಕವಚ ತೊಡಿಸುವುದಕ್ಕೂ ಹೆಣ್ಣಿಗೆ ಒಡವೆ ಇಡುವುದಕ್ಕೂ ಕುದುರೆಗೆ ಜೀನು ಬಿಗಿಯುವುದಕ್ಕೂ ಬೇರೆ ಬೇರೆ ಪದ ಬೇಕಾಗಿರಲಿಲ್ಲ. 'ಡೈಟ್' ಎಂಬ ಒಂದು ಪದವಿತ್ತು. ನಾವು ಈಗ ಉಪವಾಸಕ್ಕೆ ಬಳಸುವ ಡಯಟ್ ಅಲ್ಲ, ಇದು ಬೇರೆ. ಅದು ಮೂರಕ್ಕೂ ಆಗುತ್ತಿತ್ತು, ಅಡುಗೆ ಅಣಿಮಾಡುವುದಕ್ಕೂ ಆಗುತ್ತಿತ್ತು. 'ಗ್ರೇತ್' ಎಂಬುದೂ ಹಾಗೆಯೇ. ಇವತ್ತು ಕುದುರೆಗೆ ಕಟ್ಟುವ 'ಹಾರ್ನೆಸ್' ಅಂದು ಮನುಷ್ಯ ತೊಡುವ ಲೋಹದ ಕವಚವೂ ಆಗಿತ್ತು. ಉಪ್ಪಿಟ್ಟಿನ ಮೇಲೆ ಕೊತ್ತಂಬರಿ ಉದುರಿಸುವಾಗ ನಾವು ಹೇಳುವ 'ಗಾರ್ನಿಶ್' ಅಂದು ಕೋಟೆಗೆ ಆಳು ಆಯುಧ ತುಂಬಿಸುವ ಮಾತಾಗಿತ್ತು. ನಮ್ಮ 'ಸಜ್ಜು' ಇಲ್ಲವೇ? ದಂಡೂ ಸಜ್ಜಾಗುತ್ತದೆ, ಗಾಡಿಯೂ ಸಜ್ಜಾಗುತ್ತದೆ, ಮದುವೆಮನೆಯೂ ಸಜ್ಜಾಗುತ್ತದೆ. ಹಾಗೆ.

ಈ ಪದಗಳನ್ನು ಒಂದೊಂದಾಗಿ ಕಾರ್ಡುಗಳಲ್ಲಿ ಬರೆದು ಖರ್ಜೂರದ ಖಾಲಿ ಡಬ್ಬಿಯಲ್ಲಿ ಜೋಡಿಸಿದೆ. ಮಂಗಳೂರಿನಲ್ಲಿದ್ದ ನನ್ನ ಗೈಡ್ ಎರಡು ವಾರಕ್ಕೊಮ್ಮೆ ಫೋನಿನ ಪರದೆಯಲ್ಲಿ ಕಾಣಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಿದ್ದರು. ಹಳೆಯ ಕಾವ್ಯಗಳಲ್ಲಿ ವೀರನಿಗೆ ಕವಚ ತೊಡಿಸುವ ವರ್ಣನೆ ಬಂದಾಗಲೆಲ್ಲ ಅದು ಪಾದದಿಂದ ಮೇಲಕ್ಕೆ ಹೋಗುತ್ತದಲ್ಲ, ಯಾಕೆ? ಮೊದಲು ಉಕ್ಕಿನ ಪಾದರಕ್ಷೆ, ಆಮೇಲೆ ಮೊಣಕಾಲು, ತೊಡೆ, ಎದೆ, ತೋಳು, ಕೊನೆಗೆ ಶಿರಸ್ತ್ರಾಣ. ನಾನು ಇದಕ್ಕೆ ಹದಿನೈದು ಪುಟದ ಉತ್ತರ ಬರೆದೆ. ಪಾದವೆಂದರೆ ಭೂಮಿ, ಶಿರಸ್ಸೆಂದರೆ ಆಕಾಶ, ಕವಚ ತೊಡುವುದೆಂದರೆ ಆತ್ಮ ಮಣ್ಣಿನಿಂದ ಬೆಳಕಿನೆಡೆಗೆ ಏರುವುದು ಎಂದೆಲ್ಲ ಬರೆದೆ. ಬರೆಯುವಾಗ ನನಗೇ ರೋಮಾಂಚನವಾಗಿತ್ತು. ಗೈಡ್ ಓದಿ, ಚೆನ್ನಾಗಿದೆ, ಆದರೆ ನನಗೆ ನಂಬಿಕೆ ಬರಲಿಲ್ಲ ಎಂದರು.

ಜುಲೈಖಾ ಆಪಾ ಆಗ ನಮ್ಮ ಕೆಳಗಿನ ಮನೆಯಲ್ಲಿದ್ದವರು; ಆಪಾ ಎಂದರೆ ಅಕ್ಕ. ಭಟ್ಕಳದವರು. ಅವರ ಗಂಡನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ ಇತ್ತು, ಮಗಳು ಸನಾ ನಮ್ಮ ಶಾಲೆಯಲ್ಲಿ ಹನ್ನೆರಡನೆಯ ತರಗತಿ. ಮನೆಯಲ್ಲಿ ಅವರದು ನವಾಯತಿ, ನನ್ನೊಡನೆ ಕನ್ನಡ. ಊರ ಕಡೆಯವರ ಯಾರ ಮನೆಯಲ್ಲಿ ಮದುವೆಯಾದರೂ ಹುಡುಗಿಗೆ ಉಡಿಸಿ ತೊಡಿಸಲು ಆಪಾ ಬೇಕೇ ಬೇಕು. ಅದು ಅವರ ಕಸುಬು ಎನ್ನುವುದಕ್ಕಿಂತ ಊರು ಅವರಿಗೆ ಒಪ್ಪಿಸಿದ ಕೆಲಸ ಎನ್ನಬೇಕು. ನಾನು ಅವರ ಬಾಗಿಲು ಮೊದಲು ತಟ್ಟಿದ್ದು ಶಾಲೆಯ ವಾರ್ಷಿಕೋತ್ಸವದ ದಿನ, ಎರಡು ಸೇಫ್ಟಿ ಪಿನ್ನಿಗಾಗಿ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಒಳಗೆ ಕರೆದು, ರೇಷ್ಮೆ ಸೀರೆಯನ್ನು ಪೂರ್ತಿ ಬಿಚ್ಚಿಸಿ ಮತ್ತೆ ಉಡಿಸಿದರು. ನನ್ನ ಎಡಭುಜ ಬಲಭುಜಕ್ಕಿಂತ ಒಂದು ಬೆರಳು ಕೆಳಗಿದೆ, ಅದಕ್ಕೇ ಸೆರಗು ಜಾರುತ್ತದೆ ಎಂದು ಅವರೇ ಹೇಳಿದ್ದು. ನಲವತ್ತೆರಡು ವರ್ಷ ಆ ಭುಜವನ್ನು ಹೊತ್ತುಕೊಂಡು ತಿರುಗಿದವಳಿಗೆ ಅದು ಗೊತ್ತಿರಲಿಲ್ಲ.

ಹಾಗೆ ಶುರುವಾದ ಬಳಕೆ. ಒಂದು ಗುರುವಾರ ಮಧ್ಯಾಹ್ನ ಅವರ ಮನೆಯಲ್ಲೇ ಒಬ್ಬ ಹುಡುಗಿಗೆ ಸಿಂಗಾರ ನಡೆದಿತ್ತು, ನಾನು ಮೂಲೆಯಲ್ಲಿ ಸುಲೈಮಾನಿ ಚಹಾ ಕುಡಿಯುತ್ತ ನೋಡುತ್ತಿದ್ದೆ. ಬಿಳಿಯ ಹಾಸಿಗೆ ಬಟ್ಟೆಯ ಮೇಲೆ ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ಆಪಾ ಮೊದಲು ಎತ್ತಿಕೊಂಡದ್ದು ಕಾಲುಂಗುರ. ಆಮೇಲೆ ಗೆಜ್ಜೆ, ಆಮೇಲೆ ಚಪ್ಪಲಿ. ಚಪ್ಪಲಿ ತೊಡಿಸಿ, ಹುಡುಗಿಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿ, ಆಮೇಲೆಯೇ ಲೆಹೆಂಗಾಕ್ಕೆ ಕೈ ಹಾಕಿದರು. ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಕಾಲಿನಿಂದ ಯಾಕೆ ಶುರು ಮಾಡುತ್ತೀರಿ ಎಂದು ಕೇಳಿದೆ. ಆಪಾ ನನ್ನ ಮುಖ ನೋಡಿದರು, ಇವಳು ತಮಾಷೆ ಮಾಡುತ್ತಿದ್ದಾಳೋ ಎಂಬ ಹಾಗೆ.

"ಮೇಲೆ ಭಾರ ಹೇರಿದ ಮೇಲೆ ಅವಳು ಬಗ್ಗುವುದು ಹೇಗೆ ಟೀಚರೇ? ನಾನಾದ್ರೂ ಲೆಹೆಂಗಾದ ಅಷ್ಟು ದೊಡ್ಡ ಘೇರು ಎತ್ತಿ ಕಾಲು ಹುಡುಕುವುದು ಹೇಗೆ?"

ಹದಿನೈದು ಪುಟ, ಭೂಮಿ, ಆಕಾಶ, ಆತ್ಮ ಎಲ್ಲವೂ ಅಲ್ಲೇ ಮುಗಿಯಿತು. ಇಷ್ಟೇ ಅಲ್ಲ. ಭಾರದ ದುಪಟ್ಟಾವನ್ನು ಅವರು ತಲೆಗೆ ಸಿಕ್ಕಿಸಿದಂತೆ ಕಾಣಿಸಿದರೂ ಅದರ ತೂಕ ನಿಜವಾಗಿ ನಿಲ್ಲುತ್ತಿದ್ದದ್ದು ಒಳಗಿನ ದಪ್ಪ ರವಿಕೆಗೂ ಸೊಂಟಕ್ಕೂ ಕಟ್ಟಿದ ಲಾಡಿಗಳ ಮೇಲೆ. ಕಾಣುವುದನ್ನು ಕಾಣದಿರುವುದಕ್ಕೆ ಕಟ್ಟಬೇಕು, ಇಲ್ಲದಿದ್ದರೆ ಹುಡುಗಿ ಗಂಟೆಯೊಳಗೆ ಕುತ್ತಿಗೆ ಹಿಡಿದುಕೊಂಡು ಅಳುತ್ತಾಳೆ ಎಂದರು. ಕವಚವನ್ನೂ ಒಳಗಿನ ದಪ್ಪ ಹೊಲಿಗೆಯ ಅಂಗಿಗೆ ದಾರಗಳಿಂದ ಹೀಗೆಯೇ ಕಟ್ಟುತ್ತಿದ್ದರೆಂದು ನಾನು ಓದಿದ್ದೆ. ಓದಿದ್ದೆ, ಅಷ್ಟೇ, ಅರ್ಥವಾಗಿರಲಿಲ್ಲ. ಮೇಲಿನ ಮನೆಗೆ ಓಡಿ ಕಾರ್ಡುಗಳ ಡಬ್ಬಿ ತಂದೆ.

ಅಲ್ಲಿಂದ ಆರು ತಿಂಗಳು, ಹೆಚ್ಚು ಕಡಿಮೆ ಪ್ರತಿ ಗುರುವಾರ, ನಾನು ಕೆಳಗಿನ ಮನೆಯಲ್ಲಿ. ನಾನೊಂದು ಪದದ ಅರ್ಥ ಹೇಳುವುದು, ಆಪಾ ಅದಕ್ಕೆ ಕೈಯ ಕೆಲಸ ತೋರಿಸುವುದು. ಮದುಮಗಳಿಗೂ ಕುದುರೆಗೂ ಒಂದೇ ಪದ ಎಂದಾಗ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕರು. ಆಮೇಲೆ ಗಂಭೀರವಾಗಿ, ಹೌದು, ಎರಡಕ್ಕೂ ಬಿಗಿ ಕಟ್ಟುವವನಿಗೆ ಉಸಿರಿನ ಜಾಗ ಬಿಡಲು ಗೊತ್ತಿರಬೇಕು ಎಂದರು. ಅದನ್ನೂ ಬರೆದುಕೊಂಡೆ. ಒಂದು ದಿನ ಪಿನ್ನುಗಳನ್ನು ಡಬ್ಬಿಗೆ ತುಂಬುತ್ತ, ತಲೆ ಎತ್ತದೆ ಕೇಳಿದರು.

"ನಿಮ್ಮ ಆ ಬರವಣಿಗೆಯಲ್ಲಿ ನನ್ನ ಹೆಸರು ಬರ್ತದಾ?"

ಕೇಳಿದ ಮೇಲೆ ನಾಚಿಕೆಯಾಗಿ, ಸುಮ್ಮನೆ ಕೇಳಿದ್ದು ಎಂದು ತಾವೇ ಸೇರಿಸಿದರು. ಖಂಡಿತ ಬರುತ್ತದೆ ಆಪಾ, ನಿಮ್ಮದೇ ಮೊದಲು ಎಂದೆ. ಹಾಗೆ ಹೇಳುವಾಗ ಸುಳ್ಳು ಹೇಳುತ್ತಿರಲಿಲ್ಲ, ಇಷ್ಟನ್ನು ನೀವು ನಂಬಬೇಕು.

ಪ್ರಬಂಧದ ಆ ಭಾಗವನ್ನು ಒಂದು ಆನ್‌ಲೈನ್ ಪತ್ರಿಕೆಗೆ ಕಳಿಸಲು ಸಿದ್ಧಮಾಡಿದೆ. ಮೊದಲ ಕರಡಿನಲ್ಲಿ ಅವರ ಹೆಸರು ಇತ್ತು. ಓದಿ ನೋಡಿದಾಗ ನನಗೇ ಏನೋ ಕಸಿವಿಸಿ. ಸುತ್ತಲೂ ದೊಡ್ಡ ದೊಡ್ಡ ಪ್ರೊಫೆಸರರ ಹೆಸರುಗಳು, ಅವರ ನಡುವೆ ಕೆಳಗಿನ ಮನೆಯ ಹೆಂಗಸು. ಇಡೀ ಲೇಖನ ಅಡುಗೆಮನೆಯ ಹರಟೆಯ ಹಾಗೆ ಕಾಣಿಸಿಬಿಟ್ಟರೆ? ಹೆಸರು ತೆಗೆಯಿರಿ ಎಂದು ಗೈಡ್ ಹೇಳಲಿಲ್ಲ, ಪತ್ರಿಕೆಯವರೂ ಹೇಳಲಿಲ್ಲ. ಯಾರೂ ಹೇಳಲಿಲ್ಲ. ನಾನೇ ತೆಗೆದೆ. ಕಾಲಿನ ವಿಚಾರ, ಲಾಡಿಯ ವಿಚಾರ, ಉಸಿರಿನ ಜಾಗದ ವಿಚಾರ ಎಲ್ಲವನ್ನೂ ಲೇಖಕಿಯ ಸ್ವಂತ ಚಿಂತನೆ ಎಂಬಂತೆ ತಿದ್ದಿದೆ. ಅಷ್ಟಕ್ಕೇ ನಿಂತಿದ್ದರೆ ಕಳ್ಳತನವೊಂದೇ ಆಗುತ್ತಿತ್ತು. ಮನಸ್ಸಾಕ್ಷಿಯ ಸಮಾಧಾನಕ್ಕೆ ಒಂದು ಅಡಿಟಿಪ್ಪಣಿ ಸೇರಿಸಿದೆ. ವಲಸಿಗ ಸಮುದಾಯವೊಂದರಲ್ಲಿ ಮದುಮಗಳಿಗೆ ಅಲಂಕಾರ ಮಾಡುವ ಒಬ್ಬ ಅನಕ್ಷರಸ್ಥ ಮಹಿಳೆಯ ಕೆಲಸವನ್ನು ಗಮನಿಸುವ ಅವಕಾಶ ಲೇಖಕಿಗೆ ದೊರೆತಿತ್ತು, ಎಂದು. ಇಂಗ್ಲಿಷಿನಲ್ಲಿ 'ಇಲ್ಲಿಟರೇಟ್' ಎಂದು ಬರೆದೆ.

ಆ ಪದ ಎಲ್ಲಿಂದ ಬಂತು? ಒಮ್ಮೆ ಶಾಲೆಯ ಇಂಗ್ಲಿಷ್ ಸುತ್ತೋಲೆಯನ್ನು ಆಪಾ ಮಗಳ ಕೈಗೆ ಕೊಟ್ಟು ಓದಿಸಿಕೊಂಡದ್ದನ್ನು ನೋಡಿದ್ದೆ. ಆಧಾರ ಅಷ್ಟೇ. ನಿಜ ಹೇಳಬೇಕೆಂದರೆ ಆ ಪದ ವಾಕ್ಯಕ್ಕೆ ಒಂದು ಚೆಂದ ತಂದುಕೊಟ್ಟಿತ್ತು. ಅಕ್ಷರವಿಲ್ಲದ ಹೆಂಗಸಿನ ಕೈಯನ್ನು ನೋಡಿ ಹಳೆಯ ಕಾವ್ಯದ ಗುಟ್ಟು ಬಿಡಿಸಿದ ವಿದುಷಿ! ಓದುವವರ ಕಣ್ಣಿಗೆ ನಾನು ಇನ್ನೂ ಒಂದು ಗೇಣು ಎತ್ತರವಾಗಿ ಕಾಣಿಸುತ್ತಿದ್ದೆ.

ಲೇಖನ ಪ್ರಕಟವಾಯಿತು. ನನ್ನ ಸಂಭ್ರಮ ನೋಡಬೇಕಿತ್ತು ನೀವು. ಸ್ಟಾಫ್ ರೂಮಿಗೆ ಇಲ್ಲಿನ ಸಿಹಿ ಕುನಾಫಾ ತರಿಸಿದೆ. ಲೇಖನದ ಲಿಂಕನ್ನು ಬಂಧುಗಳ ಗುಂಪಿಗೆ, ಸಹೋದ್ಯೋಗಿಗಳ ಗುಂಪಿಗೆ, ಕೊನೆಗೆ ಹನ್ನೆರಡನೆಯ ತರಗತಿಯ ವಾಟ್ಸಾಪ್ ಗುಂಪಿಗೂ ಹಾಕಿದೆ. ನಿಮ್ಮ ಟೀಚರ್ ಸುಮ್ಮನೆ ಕೂತಿಲ್ಲ ಮಕ್ಕಳೇ ಎಂಬ ಒಂದು ಸಾಲನ್ನೂ ಸೇರಿಸಿದೆ. ಆ ಗುಂಪಿನಲ್ಲಿ ಸನಾ ಇದ್ದಾಳೆ ಎಂಬುದು ಗೊತ್ತಿಲ್ಲದೆ ಅಲ್ಲ. ಆ ಹೊತ್ತಿಗೆ ಅಡಿಟಿಪ್ಪಣಿಯೇ ನನಗೆ ಮರೆತುಹೋಗಿತ್ತು. ಚಪ್ಪಾಳೆಯ ಗುರುತುಗಳು ಸಾಲಾಗಿ ಬಂದವು. ಸನಾಳಿಂದ ಏನೂ ಬರಲಿಲ್ಲ. ಮರುದಿನ ಹಾಜರಿ ಕರೆದಾಗ ಡೆಸ್ಕಿನಿಂದ ಕಣ್ಣೆತ್ತದೆ ಪ್ರೆಸೆಂಟ್ ಎಂದಳು. ಪರೀಕ್ಷೆಯ ಹೆದರಿಕೆ ಎಂದುಕೊಂಡೆ.

ಆ ಗುರುವಾರ ಉಳಿದ ಕುನಾಫಾ ತಟ್ಟೆಗೆ ಹಾಕಿಕೊಂಡು ಕೆಳಗಿನ ಮನೆಗೆ ಹೋದೆ. ಆಪಾ ಎಂದಿನಂತೆಯೇ ಕೂರಿಸಿದರು, ಎಂದಿನಂತೆಯೇ ಚಹಾ ತಂದರು. ಸನಾ ತನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು, ಕೂರಲಿಲ್ಲ. ಚಹಾ ಅರ್ಧವಾಗುವವರೆಗೆ ಆಪಾ ಬೇರೆ ಏನೇನೋ ಮಾತಾಡಿದರು. ಆಮೇಲೆ ಲೋಟ ಕೆಳಗಿಟ್ಟರು.

"ಒಂದು ಕೇಳ್ಬೇಕಿತ್ತು ಟೀಚರೇ. ಸನಾ ನಿಮ್ಮದು ಓದಿ ಹೇಳಿದ್ಲು. ಅದರಲ್ಲಿ ಇಲ್ಲಿಟರೇಟ್ ಅಂತ ಒಬ್ಬಳು ಉಂಟಲ್ಲ, ಅದು ನಾನಾ?"

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಪಿನ್ನು ಎಲ್ಲಿ ಚುಚ್ಚುತ್ತಿದೆ ಎಂದು ಹುಡುಗಿಯರನ್ನು ಕೇಳುವ ಅದೇ ಧ್ವನಿ. ಹೌದು ಎಂದಿದ್ದರೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು. ನಾನು ಹೇಳಿದ್ದು ಬೇರೆ.

"ಇಲ್ಲ ಆಪಾ, ಅದು ನೀವಲ್ಲ. ಅದು ಬೇರೆ ಒಬ್ಬರು."

ಗಂಡನಿಗೆ ನಾನು ಹೇಳದೆ ಬಿಟ್ಟ ಕಾಲು ಭಾಗ ಇದು. ಬಾಗಿಲಲ್ಲಿದ್ದ ಸನಾ ಒಮ್ಮೆ ನನ್ನನ್ನು ನೋಡಿ ಒಳಗೆ ಹೋಗಿಬಿಟ್ಟಳು. ಎರಡು ವರ್ಷ ಅವಳಿಗೆ ನಾನು ಇಂಗ್ಲಿಷ್ ಕಲಿಸಿದ್ದೆ. ಆ ಅಡಿಟಿಪ್ಪಣಿಯನ್ನು ತಪ್ಪಿಲ್ಲದೆ ಅರ್ಥಮಾಡಿಕೊಳ್ಳುವಷ್ಟು ಚೆನ್ನಾಗಿಯೇ ಕಲಿಸಿದ್ದೆ.

ಆಪಾ ಎದ್ದು ಹೋದರು. ಕಪಾಟಿನಿಂದ ಒಂದು ದಪ್ಪ ಪುಸ್ತಕ ತಂದು ನನ್ನ ಮಡಿಲಲ್ಲಿ ಇಟ್ಟು, ಒಂದು ಪುಟ ತೆರೆದು, ಇದನ್ನು ಸ್ವಲ್ಪ ಓದಿ ಎಂದರು. ಬಲದಿಂದ ಎಡಕ್ಕೆ ಸಾಗುವ ಸಣ್ಣ, ಒತ್ತಾದ, ಸುಂದರವಾದ ಕೈಬರಹ. ಅರಬ್ಬಿಯೋ ಉರ್ದುವೋ ನನಗೆ ತಿಳಿಯಲಿಲ್ಲ. ಇಷ್ಟು ವರ್ಷ ಈ ದೇಶದಲ್ಲಿದ್ದೂ ಅಂಗಡಿಯ ಫಲಕಗಳಲ್ಲಿ ಇಂಗ್ಲಿಷ್ ಇರುವ ಮೂಲೆಯನ್ನಷ್ಟೇ ಹುಡುಕಿ ಓದಿದವಳು ನಾನು. ನನಗೆ ಓದಲು ಬರುವುದಿಲ್ಲ ಆಪಾ ಎಂದೆ.

"ಪರವಾಗಿಲ್ಲ," ಎಂದರು. "ಎಲ್ಲರಿಗೂ ಎಲ್ಲ ಬರುವುದಿಲ್ಲ."

ಆಮೇಲೆ ಅವರೇ ನನ್ನ ಪಕ್ಕ ಕೂತು, ಸಾಲಿನ ಮೇಲೆ ಬೆರಳಿಟ್ಟು, ನಿಧಾನವಾಗಿ ಕನ್ನಡದಲ್ಲಿ ಹೇಳುತ್ತ ಹೋದರು. ಅದು ನವಾಯತಿ ಮಾತು, ಅವರ ತಾಯಿ ಕಲಿಸಿದ ಉರ್ದು ಅಕ್ಷರದಲ್ಲಿ ಬರೆದದ್ದು. ಇಪ್ಪತ್ತು ವರ್ಷಗಳಲ್ಲಿ ಅವರು ಸಿಂಗರಿಸಿದ ಒಬ್ಬೊಬ್ಬ ಹುಡುಗಿಗೂ ಅದರಲ್ಲಿ ಅರ್ಧ ಪುಟ. ಯಾರ ಭುಜ ಹೇಗೆ, ಯಾರ ಕುತ್ತಿಗೆ ಭಾರ ತಡೆಯುವುದಿಲ್ಲ, ಯಾರು ಬಿಗಿದರೆ ಹೆದರುತ್ತಾರೆ, ಯಾವುದನ್ನು ಮೊದಲು ತೊಡಿಸಿದ್ದು, ಯಾವುದು ತಪ್ಪಾಯಿತು. ಆರೇಳು ನೂರು ವರ್ಷ ಹಿಂದಿನವರು ಬಿಟ್ಟುಹೋದ ಇಂಥ ಒಂದು ಪುಟ ಸಿಕ್ಕಿದ್ದರೆ ನಾನು ಕುಣಿದಾಡುತ್ತಿದ್ದೆ. ಇದು ಮಾತ್ರ ಆರು ತಿಂಗಳು ನಾನು ಕೂತ ಜಾಗದಿಂದ ನಾಲ್ಕು ಹೆಜ್ಜೆಯಲ್ಲಿತ್ತು, ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಅವರು ತೆರೆದಿದ್ದ ಪುಟ ನನ್ನದೇ. ಮದುಮಗಳಲ್ಲದಿದ್ದರೂ ನನ್ನನ್ನು ಸೇರಿಸಿದ್ದರು. ಮೇಲಿನ ಮನೆಯ ಟೀಚರ್, ಎಡಭುಜ ಒಂದು ಬೆರಳು ಕೆಳಗೆ, ಸೆರಗಿಗೆ ಎರಡು ಪಿನ್ ಒಳಗಿನಿಂದ. ಕೊನೆಯ ಸಾಲನ್ನು ಓದುವ ಮೊದಲು ತುಸು ತಡೆದರು. ಆದರೂ ಓದಿದರು: ತುಂಬ ಓದಿದವರು, ನಮ್ಮಂಥವರ ಹತ್ತಿರವೂ ಕೇಳಿ ತಿಳಿಯುತ್ತಾರೆ.

ಪುಸ್ತಕ ಮುಚ್ಚಿದರು. ನಾನು ಎದ್ದು ಬಂದೆ. ಕ್ಷಮಿಸಿ ಎನ್ನಲಿಲ್ಲ. ಅದು ನೀವಲ್ಲ ಎಂದು ಹೇಳಿಯಾಗಿತ್ತಲ್ಲ, ಯಾವುದಕ್ಕೆಂದು ಕ್ಷಮೆ ಕೇಳುವುದು?

ಆಮೇಲಿನದು ಹೇಡಿಯೊಬ್ಬಳ ದಿನಚರಿ. ಲಿಫ್ಟಿನಲ್ಲಿ ಅವರು ಸಿಕ್ಕಿಯಾರೆಂದು ಮೆಟ್ಟಿಲು ಹಿಡಿದೆ. ಮೆಟ್ಟಿಲಲ್ಲಿ ಸಿಕ್ಕಿಯಾರೆಂದು ಹೊತ್ತು ಬದಲಾಯಿಸಿದೆ. ತಿಂಗಳು ಕಳೆದ ಮೇಲೆ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದು, ಆ ಪದ ತಪ್ಪು, ಆ ವಿಚಾರಗಳು ನನ್ನವಲ್ಲ, ಇಂಥವರವು ಎಂದು ತಿಳಿಸಿದೆ. ಪ್ರಕಟವಾದದ್ದನ್ನು ಬದಲಿಸಲಾಗದು, ಕೊನೆಯಲ್ಲಿ ಒಂದು ತಿದ್ದುಪಡಿ ಸೇರಿಸುತ್ತೇವೆ ಎಂದರು, ಸೇರಿಸಿದರು. ಯಾರೂ ಓದದ ಎರಡು ಸಾಲು. ಕೆಳಗಿನ ಮನೆಗೆ ಹೋಗಿ ಅದನ್ನು ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಹೇಳಬೇಕಾದರೆ ಸುಳ್ಳನ್ನೂ ಒಪ್ಪಿಕೊಳ್ಳಬೇಕಲ್ಲ. ಆ ಬೇಸಿಗೆಯಲ್ಲಿ ಸನಾ ಓದಲು ಮಂಗಳೂರಿಗೆ ಹೋದಳು. ಆಪಾ ಅವರ ಗಂಡ ಅಣ್ಣನ ಅಂಗಡಿಗೆ ಸೇರಿಕೊಂಡು ಸಂಸಾರವನ್ನು ದೂರದ ಬೆಟ್ಟದೂರು ಖಮೀಸ್ ಮುಶೈತಿಗೆ ಸಾಗಿಸಿದರು. ಸಾಮಾನು ಲಾರಿಗೆ ಏರುವುದನ್ನು ನಾನು ಪರದೆಯ ಸಂದಿಯಿಂದ ನೋಡಿದೆ. ಮುಂದಿನ ವರ್ಷ ನನಗೆ ಡಾಕ್ಟರೇಟ್ ಬಂತು. ಶಾಲೆಯ ಫಲಕದಲ್ಲಿ ಹೆಸರಿನ ಹಿಂದೆ ಇಂಗ್ಲಿಷಿನ ಆ ಎರಡಕ್ಷರ ಬಿತ್ತು. ಬೆಳಿಗ್ಗೆ ಅದರ ಮುಂದೆ ಹಾದುಹೋಗುವಾಗ ಈಗಲೂ ಬೇಗ ಬೇಗ ಹೆಜ್ಜೆ ಹಾಕುತ್ತೇನೆ.

ಆಪಾ ಅವರ ನಂಬರ್ ಈ ನಾಲ್ಕು ವರ್ಷವೂ ನನ್ನ ಫೋನಿನಲ್ಲೇ ಇತ್ತು. ಈದ್‌ಗೆ ಅವರಿಂದ ಒಂದು ಶುಭಾಶಯ ಬರುತ್ತಿತ್ತು, ನಾನು ಕೈಮುಗಿಯುವ ಗುರುತು ಕಳಿಸುತ್ತಿದ್ದೆ. ಲಿಫ್ಟಿನಲ್ಲಿ ಆ ಬಕಲ್ ಹಾಕಿಕೊಟ್ಟ ಮರುದಿನ, ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಇನ್ನು ಯೋಚಿಸಿದರೆ ಮಾಡುವುದಿಲ್ಲ ಎನಿಸಿ, ಒತ್ತಿಬಿಟ್ಟೆ. ಅವರು ಎತ್ತಿ ಎಂತ ಟೀಚರೇ, ಹೇಗಿದ್ದೀರಿ ಎಂದರು, ನಿನ್ನೆ ತಾನೇ ಮಾತಾಡಿದವರ ಹಾಗೆ. ಅಲ್ಲಿ ಚಳಿ ಎಂದರು. ಅಲ್ಲಿನ ಆಸ್ಪತ್ರೆಗಳಲ್ಲಿ ನಮ್ಮ ಕರಾವಳಿಯ ನರ್ಸ್ ಹುಡುಗಿಯರು ತುಂಬ ಇದ್ದಾರೆ, ಮದುವೆಗಳಿಗೆ ಕಡಿಮೆಯಿಲ್ಲ ಎಂದರು. ಮಾತಿನ ನಡುವೆ ಸಂದು ಸಿಕ್ಕ ಕೂಡಲೇ ಹೇಳಿದೆ.

"ಆಪಾ, ಅದು ನೀವೇ. ಆ ಪದ ಬರೆದದ್ದು ನಿಮ್ಮ ಬಗ್ಗೆಯೇ. ಅಲ್ಲ ಎಂದು ಸುಳ್ಳು ಹೇಳಿದೆ. ಕ್ಷಮಿಸಿ."

ಫೋನಿನಲ್ಲಿ ಅವರ ಅಡುಗೆಮನೆಯ ನಲ್ಲಿಯ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಗೊತ್ತಿತ್ತು ಟೀಚರೇ. ಆ ದಿನವೇ ಗೊತ್ತಿತ್ತು. ನೀವು ಹೇಳ್ತೀರಿ ಅಂತ ಸುಮಾರು ಸಮಯ ಕಾದೆ. ಆಮೇಲೆ ಬಿಟ್ಟೆ."

ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ಮನಸ್ಸಿಗೆ ತುಂಬ ಬೇಜಾರಾಗಿತ್ತು, ಮಗಳು ಅದನ್ನು ನವಾಯತಿಯಲ್ಲಿ ಹೇಳಲು ಒದ್ದಾಡಿದ್ದನ್ನು ನೋಡಿ ಇನ್ನೂ ಬೇಜಾರಾಗಿತ್ತು ಎಂದಷ್ಟೇ ಹೇಳಿದರು. ನಾನು ಕೇಳಿಸಿಕೊಂಡೆ. ತಿದ್ದುಪಡಿಯ ವಿಷಯವನ್ನೂ ಹೇಳಿದೆ. ಹೆಸರು ಹಾಕಿದ್ದೀರಾ, ಹೇಗೆ ಬರೆದಿದ್ದೀರಿ ಎಂದು ಕೇಳಿದರು. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ ಹೇಳಿದೆ: ಜುಲೇಕಾ.

"ಜುಲೇಕಾ ಅಲ್ಲ ಟೀಚರೇ. ಜುಲೈಖಾ." ಆಮೇಲೆ, "ಇಕಾಮಾ ಕಾರ್ಡಿನಲ್ಲಿ ಸರ್ಕಾರದವರೂ ತಪ್ಪೇ ಬರೆದಿದ್ದಾರೆ, ಬಿಡಿ," ಎಂದರು.

ಬಿಡುವುದಿಲ್ಲ ಎಂದೆ. ಆರು ತಿಂಗಳು, ವಾರಕ್ಕೊಮ್ಮೆ ಆ ಮನೆಯಲ್ಲಿ ಕೂತು ಚಹಾ ಕುಡಿದವಳು, ಅವರ ಹೆಸರು ಹೇಗೆಂದು ಒಮ್ಮೆಯೂ ಕೇಳಿರಲಿಲ್ಲ. ಬಾಯಿಯಲ್ಲಿ ಸದಾ ಆಪಾ ಎನ್ನುತ್ತಿದ್ದೆ, ಹಾಳೆಯ ಮೇಲೆ ತೋಚಿದ್ದನ್ನು ಬರೆದಿದ್ದೆ. ಇನ್ನೊಮ್ಮೆ ಹೇಳಿ ಎಂದೆ. ಅವರು ಬಿಡಿಸಿ ಬಿಡಿಸಿ ಹೇಳಿದರು, ನಾನು ಹಿಂದಿನಿಂದ ಹೇಳಿದೆ. ಕೊನೆಯ ಅಕ್ಷರ ಗಂಟಲಿನ ಒಳಗಿನಿಂದ ಬರಬೇಕಂತೆ, ನನ್ನದು ನಾಲಗೆಯ ಮೇಲೇ ನಿಲ್ಲುತ್ತಿತ್ತು. ಮೂರನೆಯ ಸಲಕ್ಕೆ, ಈಗ ಸ್ವಲ್ಪ ಹತ್ತಿರ ಬಂತು ಎಂದರು.

ಸಂಪಾದಕರಿಗೆ ಇವತ್ತು ಮತ್ತೊಂದು ಪತ್ರ ಬರೆದೆ. ತಿದ್ದುಪಡಿಗೆ ತಿದ್ದುಪಡಿ ಬೇಕು ಎಂದು ಕೇಳಿದರೆ ಅವರು ನಕ್ಕರೂ ನಗಲಿ. ಕಳಿಸುವ ಮೊದಲು ಪತ್ರವನ್ನು ಖಮೀಸ್ ಮುಶೈತಿಗೆ ಫೋನಿನಲ್ಲಿ ಓದಿ ಕೇಳಿಸಿದೆ, ಒಂದೊಂದು ಸಾಲಿಗೂ ಕನ್ನಡ ಹೇಳುತ್ತ. ಅವರು ನಡುವೆ ಎಲ್ಲೂ ತಡೆಯಲಿಲ್ಲ. ಮುಗಿದ ಮೇಲೆ, ಹಾಂ, ಈಗ ಕಳಿಸಿ ಎಂದರು.